ಮಾವ ಕಟ್ಟಿದ ಕೊನೆಯ ನೊಣ

ಮಾವ,

ನಿಮ್ಮ ರೊಳ್ಳದ ಸೊಸೆ ಸುಧಾ ಬರೆಯುತ್ತಿದ್ದೇನೆ. ನಿಮ್ಮ ಕ್ಷೇಮ ಕೇಳುವಂತಿಲ್ಲ, ನಮ್ಮ ಕ್ಷೇಮ ಹೇಳಿದರೆ ಸುಳ್ಳಾಗುತ್ತದೆ. ಎರಡನ್ನೂ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ನೀವಿದ್ದಾಗ ನಿಮ್ಮೆದುರು ಒಂದು ದಿನವೂ ದನಿ ಎತ್ತಿದವಳಲ್ಲ. ಈಗ ಎತ್ತುತ್ತೇನೆ, ಕೂತು ಕೇಳಿ.

ಆ ಬೆಳಿಗ್ಗೆ ನೀವು ಜೀನ್ಸ್ ಬಟ್ಟೆಯ ಥಾನು ಹರಡಿಕೊಂಡು, ಎಡಗೈಯಲ್ಲಿ ಕತ್ತರಿ ಹಿಡಿದು, "ಸೊಸೀ, ಚಾಕ್‌ಪೀಸ್ ಕೊಡು" ಎಂದಿರಿ. ನಾನು ತರುವಷ್ಟರಲ್ಲಿ ಟೇಬಲ್ಲಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದಿರಿ. ಹೃದಯ ನಿಂತಿತು ಎಂದರು ಡಾಕ್ಟರು. ಅತ್ತೆ ನಂಬಲಿಲ್ಲ. ನಿಮ್ಮನ್ನು ಕೂರಿಸಿ, ವಿಭೂತಿ ಹಚ್ಚಿ, ಮಣ್ಣು ಮಾಡಿ ಬಂದ ದಿನವೇ ನಾನು ಕೊಟ್ಟ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಯಾರೋ ನನ್ನ ಕೂದ್ಲ ಒಯ್ದು ಮಾಟ ಮಾಡಿಸ್ಯಾರ. ನನಗ ತಗಲಬೇಕಾದ್ದು ಅವ್ರಿಗೆ ತಗಲೈತಿ" ಎಂದರು. ಯಾರೋ ಎನ್ನುವಾಗ ನನ್ನನ್ನೇ ನೋಡುತ್ತಿದ್ದರು. ಅಂದಿನಿಂದ ಅವರು ನಿಮ್ಮ ಮಗನಿಗೆ ಹೇಳುತ್ತಿದ್ದುದು ಒಂದೇ ಮಾತು: ಇವಳನ್ನು ತವರಿಗೆ, ರೊಳ್ಳಕ್ಕೆ ಕಳಿಸು.

ಅತ್ತೆ ದಿನಾ ತಲೆ ಬಾಚಿ, ಬಾಚಣಿಗೆಗೆ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಹಿತ್ತಲ ಗೋಡೆಯ ಕಲ್ಲಿನ ಸಂದಿಗೆ ತುರುಕುತ್ತಿದ್ದರಲ್ಲ? "ಕೂದ್ಲಿಗೆ ಪಿನ್ನು, ಕೂದ್ಲಿಗೆ ಪಾತ್ರೀ" ಎಂದು ಕೂಗುತ್ತಾ ಬರುವ ಹೆಂಗಸಿಗೆ ಕೊಟ್ಟು ಏನಾದರೂ ಸಾಮಾನು ತೆಗೆದುಕೊಳ್ಳುವುದು ಅವರ ಒಂದು ಸಂಭ್ರಮ. ಹೋದ ವರ್ಷ ಆ ಉಂಡೆಗಳು ಕಾಣೆಯಾಗತೊಡಗಿದವು. ಅದೂ ಬಿಳಿ ಕೂದಲು ಹೆಚ್ಚಿದ್ದವು ಮಾತ್ರ. ಮೊದಲು ಪಿನ್ನಿನ ಹೆಂಗಸಿನ ಮೇಲೆ ಅನುಮಾನ. ಬೀದಿಯೆಲ್ಲ ಕೇಳುವಂತೆ ಬೈದು, ಇನ್ನು ಈ ಕಡೆ ಕಾಲಿಡಬೇಡ ಎಂದು ಅವಳನ್ನು ಓಡಿಸಿದರು. ಅವಳು ಹೋದ ಮೇಲೂ ಕೂದಲು ಹೋಗುತ್ತಲೇ ಇತ್ತು. ಹೊರಗಿನವರಲ್ಲ ಎಂದಾದ ಮೇಲೆ ಉಳಿದವಳು ಯಾರು? ಹೊರಗಿನಿಂದ ಬಂದವಳು, ನಾನು. ಆದರೆ ಅದು ನೀವು ಹೋದ ಮೇಲಿನ ಮಾತು. ಪಿನ್ನಿನ ಹೆಂಗಸಿನ ಗಲಾಟೆ ನಡೆಯುವಾಗ ನೀವೇನು ಮಾಡುತ್ತಿದ್ದಿರಿ ಹೇಳಿ? ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿದ್ದಿರಿ. ಈ ಚಹಾದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮದುವೆಯಾಗಿ ಬಂದ ಹೊಸದರಲ್ಲಿ ಮಾಳಿಗೆಗೆ ಬಟ್ಟೆ ಒಣಗಿಸಲು ಹೋದಾಗ, ನೀವು ಉದ್ದನೆಯ ಕೋಲು ಹಿಡಿದು ಗಾಳಿಯಲ್ಲಿ ದಾರ ಬೀಸುತ್ತಿದ್ದಿರಿ. ಮಾವನವರಿಗೆ ಏನೋ ಆಗಿದೆ ಎಂದು ನಾನು ಬಕೆಟ್ಟು ಅಲ್ಲೇ ಬಿಟ್ಟು ಕೆಳಗೆ ಓಡಿದ್ದೆ. ಅತ್ತೆ ಒಲೆಯ ಮುಂದಿನಿಂದ ಏಳದೆ, "ಏನೂ ಆಗಿಲ್ಲ, ಅದು ಮೊದ್ಲಿಂದ ಹಂಗ ಐತಿ" ಎಂದಿದ್ದರು. ಆಮೇಲೆ ನೀವೇ ಕಥೆ ಹೇಳಿದಿರಿ. ಗುಮ್ಮಘಟ್ಟದ ಆಚೆ ಡ್ಯಾಮಿಗೆ ಮೀನು ಹಿಡಿಯಲು ಬಂದಿದ್ದ ಒಬ್ಬ ಸಾಹೇಬರ ಕೋಟು ಹರಿದಿತ್ತು. ತೋಳಿಲ್ಲದ, ಮೈತುಂಬ ಜೇಬಿನ ಕೋಟು. ಅದನ್ನು ರಿಪೇರಿ ಮಾಡಲು ಕೊಟ್ಟರೆ ನೀವು ಪ್ರತಿಯೊಂದು ಜೇಬಿಗೂ ಇದು ಯಾಕೆ, ಅದು ಯಾಕೆ ಎಂದು ಕೇಳಿದಿರಂತೆ. ಇದರಲ್ಲಿ ನೊಣದ ಡಬ್ಬಿ, ಇದರಲ್ಲಿ ಸಣ್ಣ ಕತ್ತರಿ, ಇದರಲ್ಲಿ ನೈಲಾನ್ ಎಳೆ ಎಂದು ಅವರು ಹೇಳುತ್ತಾ ಹೇಳುತ್ತಾ ನಿಮ್ಮನ್ನು ನೀರಿಗೇ ಕರೆದುಕೊಂಡು ಹೋದರು. ಊರು ಬಿಡುವಾಗ ತಮ್ಮ ಹಳೇ ಗಾಳದ ಕೋಲನ್ನು, ಅವರ ಮಾತಿನಲ್ಲಿ ರಾಡು, ನಿಮಗೆ ಕೊಟ್ಟು ಹೋದರು.

ಎರೆಹುಳ ಚುಚ್ಚಿ ಕಾಯುವ ಮೀನುಗಾರಿಕೆ ಅಲ್ಲ ನಿಮ್ಮದು. ಗರಿ, ಉಣ್ಣೆ, ನೂಲು ಸುತ್ತಿ ಗಾಳಕ್ಕೆ ಹುಳದ ವೇಷ ಹಾಕುವುದು. ಹುಳವೋ, ಮರಿಮೀನೋ, ವೇಷ ಯಾವುದಾದರೂ ಹೆಸರು ಮಾತ್ರ ನೊಣವೇ. ಅದಕ್ಕೆ ತೂಕವೇ ಇಲ್ಲದ್ದರಿಂದ ದಪ್ಪ ದಾರವೇ ಅದನ್ನು ಹೊತ್ತೊಯ್ಯಬೇಕು. ನೀವು ಹೇಳಿದಾಗ ನನ್ನ ತಲೆಗೆ ಹೋಗಲಿಲ್ಲ. ರಾಡು ಕೈಗೆ ಕೊಟ್ಟ ಮೇಲೆ ದಾರ ನನ್ನ ಜಡೆಗೇ ಸುತ್ತಿಕೊಂಡಿತು. ನೀವು ನಗಲಿಲ್ಲ. "ಹಿಂದಕ್ಕ ಎಳದ ಮ್ಯಾಲ ಒಂದು ಉಸಿರು ತಡಿ. ದಾರ ಹಿಂದ ಪೂರ್ತಿ ಬಿಚ್ಚಿಕೊಳ್ಳಾಕ ಬಿಡು. ಮಿಷನ್ನಿನಾಗ ಬಟ್ಟಿ ಎಳೀತೀಯೇನು? ಅದs ತಗೊಂಡು ಹೊಕ್ಕೈತಿ. ಇದೂ ಹಂಗ" ಎಂದಿರಿ. ಮಿಷನ್ನಿನ ಮಾತು ಬಂದ ಮೇಲೆ ಕೈ ಸರಿಹೋಯಿತು.

ಯುಗಾದಿಗೆ ತವರಿಗೆ ಹೋಗಿ ಬಂದವಳು ನಿಮಗೆ ರೇಷ್ಮೆ ತಂದುಕೊಟ್ಟಿದ್ದೆ. ಬಟ್ಟೆಯಲ್ಲ, ನಮ್ಮಪ್ಪನ ಹಿಪ್ಪುನೇರಳೆ ತಿಂದ ಹುಳುಗಳ ಗೂಡಿನಿಂದ ತೆಗೆದ ಹಸಿ ಎಳೆ. ಜೀನ್ಸಿನ ದಾರದಿಂದ ನೊಣ ಕಟ್ಟಿ ಕಟ್ಟಿ, ಅದು ದಪ್ಪಗಾಗಿ ಮುಳುಗುತ್ತದೆ ಎಂದು ನೀವು ಒದ್ದಾಡುತ್ತಿದ್ದುದನ್ನು ನೋಡಿದ್ದೆನಲ್ಲ. ಎಳೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಇದು ವರದಕ್ಷಿಣೆ ನೋಡವ್ವ" ಎಂದಿರಿ. ಅತ್ತೆ ಒಳಗಿನಿಂದಲೇ, "ನನಗೇನು ತಂದ್ಲು, ಕೇಳ್ರಿ" ಎಂದರು. ಆಗ ಮೂವರೂ ನಕ್ಕಿದ್ದೆವು. ಅತ್ತೆ ನನ್ನ ಜೊತೆ ನಗುತ್ತಿದ್ದ ಕಾಲವೂ ಒಂದಿತ್ತು, ಮಾವ.

ಭಾನುವಾರ ಷೇರ್ ಆಟೋದಲ್ಲಿ ಗುಮ್ಮಘಟ್ಟದ ಕಡೆ ಹೋಗುವಾಗ ನಮ್ಮ ರಾಡಿನ ಚೀಲ ನೋಡಿ ಜನ ಕೇಳದ ದಿನವಿಲ್ಲ. ಹಳೇ ಜೀನ್ಸಿನ ಒಂದು ಕಾಲನ್ನು ಕತ್ತರಿಸಿ, ಬಾಯಿಗೆ ಜಿಪ್ಪು ಹಾಕಿ ನೀವು ಹೊಲಿದ ಚೀಲ ಅದು. ಕುರಿ ಮಾರಿ ಬರುತ್ತಿದ್ದ ಒಬ್ಬ ಮುದುಕ, "ಏನ್ರಿ, ತಂಬೂರೀನಾ?" ಎಂದ. ಮೀನು ಹಿಡಿಯೋದು ಎಂದಿರಿ. ಅವನು ನಿಮ್ಮ ಹಣೆಯ ವಿಭೂತಿ ನೋಡಿದ, ಕೊರಳ ಲಿಂಗದ ದಾರ ನೋಡಿದ.

"ನೀವು ತಿಂತೀರೇನ್ರಿ?"

"ಇಲ್ಲಪ್ಪ."

"ಮಾರ್ತೀರೇನು?"

"ಇಲ್ಲ. ಹಿಡೀತೀವಿ, ನೋಡ್ತೀವಿ, ಬಿಡ್ತೀವಿ."

ಗುಮ್ಮಘಟ್ಟದಲ್ಲಿ ಇಳಿಯುವಾಗ ಅವನು ನನ್ನ ಕಡೆ ತಿರುಗಿ, "ಮನ್ಯಾಗ ಇವರನ್ನ ಹುಷಾರಾಗಿ ನೋಡ್ಕೊಳ್ಳವ್ವ" ಎಂದು ಹೇಳಿ ಹೋದ. ಆದರೂ ಆಮೇಲೆ ನಿಮ್ಮ ನೊಣಗಳಿಗೆ ಉಣ್ಣೆ ಕೊಡುತ್ತಿದ್ದವನು ಅವನೇ.

ಡ್ಯಾಮಿನ ಏರಿಯ ಪಕ್ಕ, ಜೊಂಡಿನ ನಡುವೆ, ಒಮ್ಮೆ ನೀರಿನ ಮೇಲೆ ಕೆಂಪಗೆ ಏನೋ ಕುದಿಯುತ್ತಿತ್ತು. ಹತ್ತಿರ ಹೋದರೆ ಕೊರಮೀನಿನ ಮರಿಗಳು, ಕುಂಕುಮದ ನೀರು ಚೆಲ್ಲಿದ ಹಾಗೆ. ಕೆಳಗೆ ತಾಯಿ, ಹಾವಿನಂಥ ತಲೆ, ನನ್ನ ಮೊಳಕೈಯಷ್ಟು ದಪ್ಪ. ನಾನು ರಾಡು ಎತ್ತಿದೆ. ನೀವು ನನ್ನ ಮಣಿಕಟ್ಟು ಹಿಡಿದಿರಿ. "ಬ್ಯಾಡವ್ವ. ಈಗ ಆಕಿ ಹಸಿವಿಗೆ ಬರಂಗಿಲ್ಲ, ಮರಿ ಕಾಯಾಕ ಬರ್ತಾಳ. ಏನು ಒಗದ್ರೂ ಬಾಯಿ ಹಾಕ್ತಾಳ. ಹಂಗ ಹಿಡಿದ್ರ ಹಿಡಿದಂಗಲ್ಲ, ಮೋಸ ಮಾಡಿದಂಗ." ಬಿಡಿಸುವಾಗ ಮೀನಿನ ಬಾಯಿ ಹರಿಯದಿರಲಿ ಎಂದು, ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೀಯಾ ಎಂದು ಪ್ರತಿ ಸಲ ಕೇಳುವವರು ನೀವು. ಹಿಡಿದ ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಬೇಕು, ಒಣಗೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಹೋಗುತ್ತದೆ ಎಂದು ಬೈಯುವವರು ನೀವು. ಮೀನಿಗೆ ಇಷ್ಟು ಮರ್ಯಾದೆ ಕೊಟ್ಟವರು ಮನೆಯ ಹೆಂಗಸರಿಗೆ…

ಇರಲಿ, ಸರದಿಯ ಪ್ರಕಾರ ಹೇಳುತ್ತೇನೆ. ಹೋದ ವರ್ಷ ನೀವೊಂದು ಹೊಸ ನೊಣ ಕಟ್ಟಿದಿರಿ. ಬೆನ್ನಿಗೆ ನವಿಲುಗರಿಯ ಹಸಿರು, ಗಂಟಲಲ್ಲಿ ಕೆಂಪು, ಹೊಟ್ಟೆಯ ಕೆಳಗೆ ಉದ್ದಕ್ಕೆ ಬಿಳಿ ಎಳೆಗಳು. ನೀರಿಗೆ ಬಿದ್ದರೆ ಆ ಬಿಳಿ ಎಳೆ ಮರಿಮೀನಿನ ಹಾಗೆ ಉಸಿರಾಡುತ್ತಿತ್ತು. ಕೊರಮೀನು ಜೊಂಡು ಸೀಳಿಕೊಂಡು ಬಂದು ಹೊಡೆಯುತ್ತಿತ್ತು. ಅದಕ್ಕೆ ಯಜಮಾನ್ತಿ ಎಂದು ಹೆಸರಿಟ್ಟಿರಿ. ಯಾಕೆ ಎಂದರೆ, "ಆಕಿ ಬಂದ್ರ ಯಾರೂ ಸುಮ್ಮ ಕುಂದ್ರಂಗಿಲ್ಲ" ಎಂದು ನಕ್ಕಿರಿ. ಬಿಳಿ ಎಳೆ ಯಾವುದು ಎಂದರೆ ಮಾತ್ರ ಡಬ್ಬಿ ಮುಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದಿರಿ. ಬೇರೆ ಎಲ್ಲ ನೊಣವನ್ನೂ ನನ್ನ ಕೈಯಲ್ಲಿ ಕಟ್ಟಿಸಿದವರು ಇದೊಂದನ್ನು ಗೋಡೆಯ ಕಡೆ ತಿರುಗಿ ಕೂತು ಕಟ್ಟುತ್ತಿದ್ದಿರಿ. ದೊಡ್ಡ ಮಾಸ್ಟರುಗಳು ತಮ್ಮ ಕಟಿಂಗಿನ ಗುಟ್ಟು ತೋರಿಸುವುದಿಲ್ಲವಲ್ಲ, ಹಾಗೇ ಇರಬೇಕು ಎಂದುಕೊಂಡೆ. ಆ ಮುದುಕನ ಕುರಿಯ ಉಣ್ಣೆಯೇ ಇರಬೇಕು ಎಂದುಕೊಂಡೆ. ಏನೇನೋ ಅಂದುಕೊಂಡೆ.

ನೀವು ಹೋದ ಮೇಲೆ ಎರಡು ತಿಂಗಳು ನಾನು ಮನೆಯಲ್ಲಿ ಇದ್ದೂ ಇಲ್ಲದವಳ ಹಾಗಿದ್ದೆ. ಅತ್ತೆ ತಮ್ಮ ಅಡುಗೆ ತಾವೇ ಮಾಡಿಕೊಂಡರು. ಕೂದಲನ್ನು ಗೋಡೆಗೆ ತುರುಕುವುದು ಬಿಟ್ಟು ಒಲೆಗೆ ಹಾಕತೊಡಗಿದರು. ಅದರ ಸುಟ್ಟ ವಾಸನೆ ಬಂದಾಗಲೆಲ್ಲ ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ. "ನಾನು ಮುಟ್ಟಿಲ್ಲ ಕಣತ್ತೆ, ನನ್ನ ಮಾಂಗಲ್ಯದ ಆಣೆ" ಎಂದೆ. "ನನ್ನ ಮಾಂಗಲ್ಯ ಹೋಯ್ತಲ್ಲ, ಅದನ್ನ ಹೇಳು" ಎಂದರು. ನಿಮ್ಮ ಮಗ ಕೆಟ್ಟವರಲ್ಲ, ಆದರೆ ಅಮ್ಮ ಅತ್ತರೆ ಆ ಕಡೆ, ನಾನು ಅತ್ತರೆ ಈ ಕಡೆ. ಕೊನೆಗೆ ಒಂದು ದಿನ ಮುಖ ನೋಡದೆ, "ಸ್ವಲ್ಪ ದಿನ ರೊಳ್ಳಕ್ಕ ಹೋಗಿ ಬಾ. ಅವ್ವ ಸಮಾಧಾನ ಆಗ್ಲಿ" ಎಂದರು. ಹಾಗೆ ಹೋದವಳನ್ನು ಮತ್ತೆ ಕರೆಯಲು ಯಾರು ಬರುತ್ತಾರೆ? ಮಾಟದ ಹೆಸರು ಹೊತ್ತುಕೊಂಡು ತವರಿನಲ್ಲಿ ಎಷ್ಟು ದಿನ ಬದುಕುವುದು?

ಬಟ್ಟೆ ತುಂಬಿಕೊಳ್ಳುವಾಗ ನಿಮ್ಮ ಜೇಬಿನ ಕೋಟು ಕಣ್ಣಿಗೆ ಬಿತ್ತು. ಸಾಹೇಬರದ್ದನ್ನು ನೋಡಿ ನಿಮಗೆಂದೇ ಹೊಲಿದುಕೊಂಡದ್ದು. ಮೇಲಿನ ಜೇಬಿನ ಡಬ್ಬಿಯಲ್ಲಿ ಒಂದೇ ಒಂದು ಯಜಮಾನ್ತಿ ಉಳಿದಿತ್ತು. ಅದನ್ನು ನಿಮ್ಮ ಫೋಟೋದ ಚೌಕಟ್ಟಿಗೆ ಸಿಕ್ಕಿಸಬೇಕೆಂದು ನಿಮ್ಮ ಮಗ ಹೇಳಿದ್ದರು. ನನಗೆ ಬೇರೆ ಯೋಚನೆ ಬಂತು. ಹೇಗೂ ಹೊರಟಿದ್ದೇನೆ, ಈ ವಿದ್ಯೆಯನ್ನಾದರೂ ತೆಗೆದುಕೊಂಡು ಹೋಗುತ್ತೇನೆ. ಹೊರ ಊರಿನಿಂದ ಹೊಸ ಮಾದರಿಯ ಪ್ಯಾಂಟು ಬಂದಾಗ ನೀವು ಮಾಡುತ್ತಿದ್ದುದೇನು? ಹೊಲಿಗೆ ಬಿಚ್ಚಿ, ಒಂದೊಂದೇ ತುಂಡು ಹರಡಿ ನೋಡುವುದು. "ಕೇಳಿದ್ರ ಯಾರೂ ಹೇಳಂಗಿಲ್ಲ ಸೊಸೀ, ಬಿಚ್ಚಿ ನೋಡು" ಎನ್ನುತ್ತಿದ್ದಿರಿ. ಅದೇ ಮಾತು ಹಿಡಿದು, ಮಧ್ಯಾಹ್ನದ ಬೆಳಕಿನಲ್ಲಿ ನಿಮ್ಮ ಮಿಷನ್ನಿನ ಮುಂದೆ ಕೂತು, ನೀವು ಕಟ್ಟಿದ ಕೊನೆಯ ನೊಣವನ್ನು ಸೂಜಿಯ ತುದಿಯಿಂದ ಬಿಚ್ಚಲು ಶುರು ಮಾಡಿದೆ. ನಿಮ್ಮ ಕೈಯ ಕೆಲಸ ಮತ್ತೆ ಈ ಲೋಕದಲ್ಲಿ ಆಗುವುದಿಲ್ಲವಲ್ಲ ಎನ್ನುವ ಸಂಕಟ.

ತಲೆಯ ಹತ್ತಿರದ ಗಂಟು ಬಿಚ್ಚಿತು, ನವಿಲುಗರಿ ಕಳಚಿತು. ಅದರ ಕೆಳಗೆ ನಮ್ಮಪ್ಪನ ರೇಷ್ಮೆ, ಎಡಗೈಯವರು ಸುತ್ತುವ ಹಾಗೆ ಉಲ್ಟಾ ಸುತ್ತು. ಸುತ್ತಿನ ಒಳಗಿನಿಂದ ಆ ಬಿಳಿ ಎಳೆಯೊಂದನ್ನು ಎಳೆದು ಬೆರಳಿನ ನಡುವೆ ಉಜ್ಜಿದೆ. ಉಣ್ಣೆ ಗುಂಗುರಾಗಿರುತ್ತದೆ, ಇದು ನೆಟ್ಟಗಿತ್ತು. ರೇಷ್ಮೆಗಿಂತ ಗಡುಸು. ಒಂದೆರಡು ಎಳೆ ಬುಡದಲ್ಲಿ ಬಿಳಿ, ತುದಿಯಲ್ಲಿ ಹಳೇ ಮೆಹಂದಿಯ ಕೆಂಪು. ಈ ಮನೆಯಲ್ಲಿ ತಲೆಗೆ ಮೆಹಂದಿ ಹಚ್ಚುತ್ತಿದ್ದವರು ಒಬ್ಬರೇ. ನಾನೇ ಎಷ್ಟು ಸಲ ಅರೆದು ಕೊಟ್ಟಿಲ್ಲ?

ಆಗ ನನಗೆ ಆ ಚಹಾ ನೆನಪಾಯಿತು ಮಾವ. ನಿಮ್ಮ ಹೆಂಡತಿ ಹಿತ್ತಲಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದಾಗ, ಪಿನ್ನಿನ ಹೆಂಗಸು ಬುಟ್ಟಿ ಎತ್ತಿಕೊಂಡು ಅಳುತ್ತಾ ಹೋದಾಗ, ನೀವು ಬಸಿ ಊದುತ್ತಾ ಕೂತಿದ್ದಿರಿ. "ನಾನs ತಗೊಂಡೀನಿ, ಸುಮ್ಕಿರು" ಎನ್ನಲು ನಿಮಗೆ ಏನಾಗಿತ್ತು? ಹೇಳಿದರೆ ಅವರು ಮೀನು ಹಿಡಿಯುವುದನ್ನೇ ಬಿಡಿಸುತ್ತಾರೆ ಎಂದೇ? ಕೋಳಿಗರಿ ತಂದರೇ ಮನೆಯೊಳಗೆ ಬಿಡದವರು, ತಮ್ಮ ತಲೆಯ ಕೂದಲು ಮೀನಿನ ಬಾಯಿಗೆ ಹೋಗುತ್ತದೆ ಎಂದರೆ ಸುಮ್ಮನಿರುತ್ತಿದ್ದರೇ ಎಂದು ಹೆದರಿದಿರಾ? ಅಥವಾ ಇವತ್ತು ಹೇಳೋಣ, ನಾಳೆ ಹೇಳೋಣ ಎಂದು… ನನಗೆ ಗೊತ್ತಿಲ್ಲ. ನನ್ನ ಮೇಲೆ ಅನುಮಾನ ತಿರುಗುವ ಹೊತ್ತಿಗೆ ನೀವು ಟೇಬಲ್ಲಿನ ಮೇಲೆ ಮಲಗಿಯಾಗಿತ್ತು. ಅಷ್ಟರ ಮಟ್ಟಿಗೆ ನಿಮ್ಮನ್ನು ಬಿಟ್ಟಿದ್ದೇನೆ. ಆ ಪಿನ್ನಿನ ಹೆಂಗಸಿನ ವಿಷಯದಲ್ಲಿ ಬಿಟ್ಟಿಲ್ಲ.

ಅರ್ಧ ಬಿಚ್ಚಿದ ನೊಣ ಅಂಗೈಯಲ್ಲಿಟ್ಟುಕೊಂಡು ಲೆಕ್ಕ ಹಾಕಿದೆ. ತೋರಿಸಿದರೆ ನಾನು ಉಳಿಯುತ್ತೇನೆ. ಆದರೆ ಅತ್ತೆಗೆ ಉಳಿದಿರುವುದು ನಿಮ್ಮ ನೆನಪೊಂದೇ. ಅದಕ್ಕೆ ನಾನು ಮಸಿ ಬಳಿಯಬೇಕಾಗುತ್ತದೆ. ತೋರಿಸದಿದ್ದರೆ ನಿಮ್ಮ ಮಾನ ಉಳಿಯುತ್ತದೆ, ನಾನು ಸಂಜೆ ರೊಳ್ಳದ ದಾರಿಯ ಮಡಕಶಿರಾ ಬಸ್ಸಿನಲ್ಲಿರುತ್ತೇನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಯೋಚಿಸಿದೆ, ಚಹಾ ಕುಡಿಯುತ್ತಿದ್ದಿರಿ ಎನಿಸಿತು. ಎದ್ದು ಹೋದೆ.

ಅತ್ತೆ ಪಡಸಾಲೆಯಲ್ಲಿ ಕೂತು ಯಾರದೋ ಶರ್ಟಿಗೆ ಗುಂಡಿ ಹಾಕುತ್ತಿದ್ದರು. ದೂರದಲ್ಲೇ ಕೂತು, ಕಾಗದದ ಮೇಲೆ ನೊಣ ಇಟ್ಟು ಅವರ ಕಡೆ ಸರಿಸಿದೆ.

"ಇದು ಮಾವ ಕಟ್ಟಿದ್ದು. ಬಿಚ್ಚಿದೆ. ಒಳಗೆ ಏನೈತೆ ನೀವೇ ನೋಡಿ ಅತ್ತೆ. ನಾನೇನೂ ಹೇಳಲ್ಲ."

ಮುಟ್ಟುವುದಿಲ್ಲ ಎನ್ನುವ ಹಾಗೆ ಮುಖ ತಿರುಗಿಸಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬಿಳಿ ಎಳೆಯನ್ನು ಎತ್ತಿ ತುದಿಯ ಕೆಂಪು ನೋಡಿದರು.

"ಇದು ನನ್ನ ಕೂದ್ಲ. ನೀನs ಸುತ್ತಿ ತಂದು ತೋರಸಾಕತ್ತೀ."

ಸುತ್ತನ್ನು ನೋಡಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ನೊಣವನ್ನು ಕಣ್ಣಿನ ಹತ್ತಿರ ತಂದು, ಇನ್ನೂ ಬಿಚ್ಚದೆ ಉಳಿದಿದ್ದ ರೇಷ್ಮೆಯ ಸುತ್ತನ್ನು ಸೂಜಿಯಿಂದ ಮೀಟಿದರು. ಮತ್ತೊಮ್ಮೆ ಮೀಟಿದರು. ಆಯಸ್ಸೆಲ್ಲ ನಿಮ್ಮ ಅಂಗಡಿಗೆ ಗುಂಡಿ, ಕಾಜಾ ಹಾಕಿಕೊಟ್ಟವರು. ಅಪರೂಪಕ್ಕೆ ನೀವು ಗುಂಡಿ ಹಾಕಿದರೆ ಬುಡಕ್ಕೆ ಉಲ್ಟಾ ಸುತ್ತುತ್ತಿದ್ದಿರಿ, ಅದನ್ನು ಬಿಚ್ಚುವಾಗಲೆಲ್ಲ ಅವರಿಗೆ ಕೈ ತಪ್ಪಿ ನಿಮ್ಮನ್ನು ಬೈಯುತ್ತಿದ್ದರು. ಆ ಸುತ್ತನ್ನು ಅವರಿಗೆ ಯಾರೂ ಗುರುತು ಹೇಳಬೇಕಾಗಿರಲಿಲ್ಲ.

"ಎಡಗೈ" ಎಂದರು. ಅಷ್ಟೇ.

ಹೊರಗೆ ಯಾರದೋ ಮಿಷನ್ನು ಓಡುತ್ತಿತ್ತು. ಅತ್ತೆಯ ಮುಖದಲ್ಲಿ ಸಿಟ್ಟು ಬಂತು, ಹೋಯಿತು, ಇನ್ನೇನೋ ಬಂತು.

"ಇದಕ್ಕ ಮೀನ ಬಿತ್ತೇನು?"

"ಬಿತ್ತು ಕಣತ್ತೆ. ಎಲ್ಲಕ್ಕಿಂತ ಜಾಸ್ತಿ ಇದಕ್ಕೇ. ಬಿಟ್ಟೂ ಬಿಟ್ರು."

"ಇದಕ್ಕೊಂದು ಹೆಸರು ಇಟ್ಟಿರಬೇಕಲ್ಲ, ಎಲ್ಲಾದಕ್ಕೂ ಇಡ್ತಿದ್ರು."

"ಯಜಮಾನ್ತಿ ಅಂತಿದ್ರು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. "ನನ್ನ ಬಾಯಾಗ ಆ ಹೆಣ್ಮಗಳನ್ನ ಬೈಸಿದ್ರಲ್ಲ" ಎಂದರು ಕೊನೆಗೆ. ನೊಣವನ್ನು ಕಾಗದದಲ್ಲಿ ಮಡಚಿ ತಮ್ಮ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡು ಒಳಗೆ ಹೋಗಿ ಕದ ಹಾಕಿಕೊಂಡರು. ನಾನು ತುಂಬಿದ ಬ್ಯಾಗು ಅಲ್ಲೇ ಇತ್ತು. ನಿಮ್ಮ ಮಗ ಅಂಗಡಿಯಿಂದ ಬಂದು ಅದನ್ನು ನೋಡಿದರು, ನನ್ನನ್ನು ನೋಡಿದರು, ಬಸ್ಸಿನ ಮಾತು ಎತ್ತಲಿಲ್ಲ.

ಅತ್ತೆ ನನ್ನ ಹತ್ತಿರ ತಪ್ಪಾಯಿತು ಎನ್ನಲಿಲ್ಲ. ಎನ್ನುವ ಜನವೂ ಅಲ್ಲ. ನಿಮ್ಮ ಫೋಟೋಕ್ಕೆ ದಿನಾ ಹಾಕುತ್ತಿದ್ದ ಹೂವನ್ನು ನಿಲ್ಲಿಸಿದ್ದಾರೆ. ನಾನು ಹಾಕಲು ಹೋದರೆ, "ಇರ್ಲಿ ಬಿಡು, ಸ್ವಲ್ಪ ದಿನ ಹಂಗs ಕುಂದ್ರಲಿ" ಎನ್ನುತ್ತಾರೆ. ಅದು ನಿಮ್ಮಿಬ್ಬರ ವ್ಯವಹಾರ, ನಾನು ನಡುವೆ ಬರುವುದಿಲ್ಲ. ಪಿನ್ನಿನ ಹೆಂಗಸನ್ನು ಹುಡುಕಲು ನಾವಿಬ್ಬರೂ ಹಳೇ ಬಸ್‌ಸ್ಟ್ಯಾಂಡಿನ ಕಡೆ ಹೋಗಿ ಕೇಳಿ ಬಂದೆವು. ಅವಳು ಈ ಊರಿಗೆ ಬರುವುದನ್ನೇ ಬಿಟ್ಟಿದ್ದಾಳಂತೆ. ಇದನ್ನು ಸರಿಮಾಡುವ ದಾರಿ ನನಗಂತೂ ಕಾಣುತ್ತಿಲ್ಲ ಮಾವ. ನಿಮಗೆ ಕಂಡರೆ…

ಇವತ್ತು ಬೆಳಿಗ್ಗೆಯ ಸಂಗತಿ ಹೇಳಿ ಮುಗಿಸುತ್ತೇನೆ. ನಾನು ನಿಮ್ಮ ಮಿಷನ್ನಿನ ಹತ್ತಿರ ಹೊಸ ಗಾಳವೊಂದರ ಮುಳ್ಳು ಒತ್ತುತ್ತಾ ಕೂತಿದ್ದೆ. ನಾಳೆ ಭಾನುವಾರ, ಡ್ಯಾಮಿಗೆ ಹೋಗುತ್ತೇನೆ. ಜೊಂಡಿನಲ್ಲಿ ಮರಿಗಳ ಕೆಂಪು ಕಂಡರೆ ರಾಡು ಎತ್ತದೆ ಮುಂದೆ ಹೋಗುತ್ತೇನೆ, ಮಾತು ಕೊಡುತ್ತೇನೆ. ಆಗ ಹಿತ್ತಲಿನಿಂದ ಅತ್ತೆ ಕರೆದರು. ಮೆಟ್ಟಿಲ ಮೇಲೆ ತಲೆ ಬಿಚ್ಚಿ ಹಾಕಿಕೊಂಡು ಕೂತಿದ್ದರು, ಬಾಚಣಿಗೆ ಹಿಂದಕ್ಕೆ ಚಾಚಿದರು. "ತಲಿ ಬಾಚು. ನನಗ ಕೈ ಎತ್ತಾಕ ಬರವಲ್ದು." ಎರಡು ತಿಂಗಳ ಮೇಲೆ ಅವರ ತಲೆ ಮುಟ್ಟಿದೆ. ನಿಧಾನಕ್ಕೆ ಸಿಕ್ಕು ಬಿಡಿಸಿದೆ. ಬಾಚಣಿಗೆಗೆ ಬಂದ ಕೂದಲನ್ನು ಅವರೇ ಇಸಿದುಕೊಂಡು, ಕಪ್ಪು ಬೇರೆ, ಬಿಳಿ ಬೇರೆ ಮಾಡಿ, ಬಿಳಿಯದನ್ನು ಬೆರಳಿಗೆ ಸುತ್ತಿ ನನ್ನ ಅಂಗೈಯಲ್ಲಿಟ್ಟರು.

"ಇಷ್ಟು ಸಾಕಾಗ್ತೈತೇನು?" ಎಂದು ಕೇಳಿದರು.